ಕಿವಿರಿನಂಚಿನ ಕುಚ್ಚು

"ಕನ್ನಡಕ ಎಲ್ಲಿಟ್ಟಿದ್ದೀರಿ ಅತ್ತಿಗೆ? ಅದಿಲ್ದೆ ಅಣ್ಣ ಅಣ್ಣನ ಹಾಗೇ ಕಾಣ್ತಿಲ್ಲ," ಎನ್ನುತ್ತ ಮೈದುನ ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದು ಮುಚ್ಚುತ್ತಿದ್ದ.

ಅವಳು ಗಂಡನ ಅಂಗಿಯ ಕುತ್ತಿಗೆಯ ಗುಂಡಿ ಹಾಕುತ್ತಿದ್ದಳು. ಗುಂಡಿ ತೂತಿನೊಳಗೆ ಹೋಗಲೊಲ್ಲದು. ಬದುಕಿದ್ದಾಗಲೂ ಈ ಮನುಷ್ಯ ಗುಂಡಿ ಹಾಕಿಸಿಕೊಳ್ಳುವಾಗ ಗಲ್ಲ ಎತ್ತಿದವರಲ್ಲ, ಈಗ ಎತ್ತಿ ಅನ್ನುವಂತೆಯೂ ಇಲ್ಲ. ಕನ್ನಡಕ ಬಚ್ಚಲುಮನೆಯ ಗೂಡಿನಲ್ಲಿತ್ತು. ಗೊತ್ತಿದ್ದೂ ಅವಳು ಸುಮ್ಮನಿದ್ದಳು. ಹತ್ತು ವರ್ಷಕ್ಕೂ ಮೇಲಾಯಿತು, ಆ ದಪ್ಪ ಗಾಜು ಲೋಕದ ಕಣ್ಣಿಗೆ ಮಣ್ಣೆರಚುವುದಕ್ಕಷ್ಟೇ ಇತ್ತು. ಇಂದಾದರೂ ಅದರ ಭಾರ ಮೂಗಿನ ಮೇಲೆ ಬೇಡ ಅಂದುಕೊಂಡಿದ್ದಳು.

ಮಗಳೇ ಹುಡುಕಿ ತಂದಳು. ತನ್ನ ಸೆರಗಿನಿಂದ ಒರೆಸಿ ಅಪ್ಪನ ಮುಖಕ್ಕೆ ಹಾಕಿದಳು.

"ಈಗ ನೋಡು," ಎಂದ ಮೈದುನ. "ಇನ್ನೇನು ಎದ್ದು ಕೂತು, ಯಾರೋ ಅದು ನನ್ನ ಸೀಸೆ ಮುಟ್ಟಿದ್ದು ಅಂತ ಬೈಯೋ ಹಾಗಿದ್ದಾನೆ." ನಗಿಸಲು ಹೋದವನು ತಾನೇ ಗೋಡೆಯ ಕಡೆ ತಿರುಗಿ ಮೂಗು ಸೀಟಿಕೊಂಡ.

ಬೀದಿಯವರಿಗೆಲ್ಲ ಅವರು ಹುಳದ ಮೇಷ್ಟ್ರು. ಪಾಠ ಹೇಳಿದವರೇನಲ್ಲ, ಊರಿನ ವಸ್ತುಸಂಗ್ರಹಾಲಯದ ಕೀಟವಿಭಾಗದಲ್ಲಿ ಕೆಲಸ. ಕೀಟವೆಂದರೂ ಅವರಿಗೆ ಒಂದೇ ಕೀಟ, ಮೇಫ್ಲೈ. ರೆಕ್ಕೆ ಬಂದ ಮೇಲೆ ಒಂದೆರಡು ದಿನ ಹಾರಾಡಿ ಸಾಯುವ ಬಡಪಾಯಿ. ಅದಕ್ಕೂ ಮೊದಲು ಅದು ಮರಿಯಾಗಿ ಹೊಳೆಯ ತಳದ ಕಲ್ಲಿಗಂಟಿಕೊಂಡು ತಿಂಗಳುಗಟ್ಟಲೆ ಬಾಳುತ್ತದೆ. ಆ ಮರಿಗಳನ್ನು, ಅದರಲ್ಲೂ ದಕ್ಷಿಣ ಅಮೆರಿಕದ ಬೆಟ್ಟದ ಹೊಳೆಗಳ ಮರಿಗಳನ್ನು, ಸ್ಪಿರಿಟ್ಟಿನ ಸೀಸೆಯಲ್ಲಿ ತುಂಬಿ ಯಾರ‍್ಯಾರೋ ಕಳಿಸುತ್ತಿದ್ದರು. ಬಾಲ, ಬಾಯಿ, ಉಗುರು, ಹೊಟ್ಟೆಯ ಪಕ್ಕದ ಕಿವಿರು ನೋಡಿ ಇದು ಇಂಥ ಜಾತಿ ಎಂದು ಹೇಳುವುದು ಮೇಷ್ಟ್ರ ಕಸುಬು. ಆ ಹೊಳೆಗಳನ್ನು ಅವರು ಕಣ್ಣಾರೆ ಕಂಡವರೇ ಅಲ್ಲ.

ಸಂಗ್ರಹಾಲಯದ ನಿರ್ದೇಶಕರು ಬಂದರು. ಅವರ ಹಿಂದೆ ಒಂದು ಕಾಲು ಸ್ವಲ್ಪ ಎಳೆಯುತ್ತ ನಡೆಯುವ, ಮೂವತ್ತು ದಾಟಿದ ಹೆಂಗಸು. ಹೆಗಲಿನ ಚೀಲ ಇಳಿಸಲೋ ಬೇಡವೋ ಎಂಬ ಸಂಕೋಚದಲ್ಲಿ ಬಾಗಿಲಲ್ಲೇ ನಿಂತಳು.

"ಇವರು ಬೇರೆ ಊರಿಂದ ಬಂದಿದ್ದಾರಮ್ಮ, ಸಂಶೋಧಕಿ," ಎಂದು ನಿರ್ದೇಶಕರು ದನಿ ತಗ್ಗಿಸಿದರು. "ಮೇಷ್ಟ್ರನ್ನ ನೋಡೋಕೆ ಅಂತಲೇ ಹೊರಟಿದ್ರಂತೆ. ಸ್ಟೇಷನ್ನಿನಲ್ಲಿ ಇಳಿದ ಮೇಲೆ ವಿಷಯ ಗೊತ್ತಾಗಿದೆ. ಮೇಷ್ಟ್ರು ನಿಮ್ಮ ಹೆಸರಿಟ್ಟ ಆ ಮರಿ ಇದೆಯಲ್ಲ, ಹೆಸರಿಡುವಾಗ ನೋಡಿದ ಅದರ ಮೂಲ ಸೀಸೆ ಇಲ್ಲೇ ಮನೇಲಿದೆ. ಎಲ್ಲ ಮುಗಿದ ಮೇಲೆ ಒಂದು ಗಳಿಗೆ ಅದನ್ನ ನೋಡೋದಿತ್ತು. ಸಾಯಂಕಾಲ ರೈಲಿಗೆ ಹೋಗ್ಬೇಕಂತೆ."

"ಇವತ್ತು ಕೇಳಬಾರದು, ಗೊತ್ತು," ಎಂದಳು ಸಂಶೋಧಕಿ. "ಬೇಡ ಅಂದ್ರೆ ಬೇಡಮ್ಮ."

ಈ ದಿನ ಎಂದಾದರೂ ಬಂದೀತೆಂದು ಮೇಷ್ಟ್ರ ಹೆಂಡತಿಗೆ ಗೊತ್ತಿತ್ತು. ಗಂಡನ ಹೆಣ ಮನೆಯಿಂದ ಹೊರಡುವ ಮೊದಲೇ ಬಂದೀತೆಂದು ಮಾತ್ರ ಅಂದುಕೊಂಡಿರಲಿಲ್ಲ.

"ನೋಡಿ, ಅದಕ್ಕೇನಂತೆ," ಎಂದು ಮಗಳೇ ಉತ್ತರ ಕೊಟ್ಟಳು. "ಅಪ್ಪನ ಕೆಲಸ ನೋಡೋಕೆ ಇಷ್ಟು ದೂರ ಬಂದಿದ್ದೀರಿ. ಅಪ್ಪ ಇದ್ದಿದ್ರೆ ಖುಷಿಪಡ್ತಿದ್ರು."

*

ಕಣ್ಣು ಹೋದದ್ದು ಸದ್ದಿಲ್ಲದೆ. ಮೊದಮೊದಲು ಮೇಷ್ಟ್ರು ಸೂಕ್ಷ್ಮದರ್ಶಕವನ್ನೇ ಬೈದರು. ಗಾಜು ಒರೆಸಿಸಿದರು, ಬಲ್ಬು ಬದಲಾಯಿಸಿದರು, ಜವಾನನ ಮೇಲೆ ರೇಗಿದರು. ಒಂದು ಸಂಜೆ ಊಟಕ್ಕೆ ಕೂತಾಗ ನೀರಿನ ಲೋಟ ಹಿಡಿಯಹೋದ ಕೈ ಪಕ್ಕದ ಗಾಳಿಯನ್ನು ಹಿಡಿಯಿತು. ಹೆಂಡತಿ ನೋಡಿದಳು. ಹೆಂಡತಿ ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

ಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ, ಅಂಥ ಕಾಯಿಲೆ. ಬಾಗಿಲು ತಿಳಿಯುತ್ತದೆ, ಬಾಗಿಲಲ್ಲಿ ನಿಂತವರ ಮುಖ ತಿಳಿಯುವುದಿಲ್ಲ. ನಡುವಿನ ನೋಟ ಮತ್ತೆ ಬರುವುದಿಲ್ಲವೆಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದರು. ಆಸ್ಪತ್ರೆಯ ಮೆಟ್ಟಿಲಲ್ಲಿ ಮೇಷ್ಟ್ರು ಅವಳ ತೋಳು ಹಿಡಿದು ನಿಂತರು.

"ಯಾರಿಗೂ ಹೇಳ್ಬೇಡ. ನನ್ನ ತಮ್ಮನಿಗೂ ಬೇಡ, ಮಗಳಿಗೂ ಬೇಡ."

"ಎಷ್ಟು ದಿನ ಮುಚ್ಚಿಡ್ತೀರಿ?"

"ಕಣ್ಣಿಲ್ಲ ಅಂದ್ರೆ ನಾನು ಯಾರೇ? ಹೇಳು. ಯಾರು ನಾನು?"

ಮಂಡಿ ನೋವಿನ ನೆಪ ಹೇಳಿ ಮೇಷ್ಟ್ರು ಕೆಲಸವನ್ನು ಮನೆಗೆ ತಂದರು. ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಬಂದು ಕೂತಿತು, ಜವಾನ ಸೀಸೆಗಳನ್ನು ತಂದುಕೊಟ್ಟು ಹೋಗುತ್ತಿದ್ದ. ಬಾಗಿಲು ಹಾಕಿಕೊಂಡು ಸೂಕ್ಷ್ಮದರ್ಶಕದ ಮುಂದೆ ಅವಳು ಕೂತಳು, ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಅವರು.

"ಬಾಲ ಎಷ್ಟು?"

"ಮೂರು."

"ನಡುವಿನದು?"

"ಉಳಿದೆರಡಕ್ಕಿಂತ ಉದ್ದ."

"ಉಗುರಿನ ಒಳಬದಿ ನೋಡು. ಹಲ್ಲಿದೆಯಾ?"

"ಗರಗಸದ ಹಾಗೆ ಸಾಲಾಗಿದೆ. ತುದೀದು ಮಾತ್ರ ದಪ್ಪ."

ಅಷ್ಟು ಹೇಳಿದರೆ ಸಾಕು, ಮುಚ್ಚಿದ ಕಣ್ಣಿನ ಹಿಂದೆ ಮೇಷ್ಟ್ರು ಯಾವ ಯಾವ ಹೊಳೆಯನ್ನೋ ಜಾಲಾಡಿ ಹೆಸರು ಹೇಳಿಬಿಡುತ್ತಿದ್ದರು. ಮೊದಲ ವರ್ಷ ಅವಳು ಕಿವಿರಿಗೂ ಕಾಲಿಗೂ ವ್ಯತ್ಯಾಸ ತಿಳಿಯದೆ ದಿನಾ ಬೈಸಿಕೊಂಡಳು, ಅತ್ತಳು, ಸೌಟು ಹಿಡಿಯುವ ಕೈಗೆ ಇದೆಲ್ಲ ಯಾಕೆ ಎಂದು ರೇಗಿದಳು. ಆಮೇಲಾಮೇಲೆ ಕೈ ಪಳಗಿತು.

ಮತ್ತು ಒಂದು ಮಾತು ಹೇಳಲೇಬೇಕು. ಅವಳ ದಾಂಪತ್ಯದಲ್ಲಿ ಅದಕ್ಕಿಂತ ಸುಖದ ಕಾಲ ಬಂದಿರಲಿಲ್ಲ. ಮದುವೆಯಾದಂದಿನಿಂದ ಅವಳು ಏನು ಹೇಳಿದರೂ ಹೂಂ ಎಂದು ಪುಟ ತಿರುವಿದ ಮನುಷ್ಯ ಈಗ ಅವಳ ಒಂದೊಂದು ಮಾತಿಗೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

*

ವಿದ್ಯುತ್ ಚಿತಾಗಾರದ ಪಕ್ಕದ ಸಭಾಂಗಣದಲ್ಲಿ ಕುರ್ಚಿಗಳು ಹೆಚ್ಚಾದವು, ಜನ ಕಡಿಮೆಯಾದರು. ನಿಮಗಿಂತ ಮುಂಚೆ ಇನ್ನೊಂದು ಹೆಣವಿದೆ, ಸ್ವಲ್ಪ ಕಾಯಬೇಕು ಎಂದು ಅಲ್ಲಿಯ ನೌಕರ ಬಂದು ಹೇಳಿದ. ಸುಮ್ಮನೆ ಕೂತು ಮಾಡುವುದೇನು ಎಂದು ನಿರ್ದೇಶಕರು ಎದ್ದು ನಿಂತರು.

"ಅವರದು ಹದ್ದಿನ ಕಣ್ಣು," ಎಂದರು. "ನಮಗೆ ಯಾರಿಗೂ ಕಾಣದ್ದು ಅವರಿಗೆ ಕಾಣುತ್ತಿತ್ತು. ಎಪ್ಪತ್ತು ದಾಟಿದ ಮೇಲೂ ಆ ನೋಟ ಮಂಕಾಗಲಿಲ್ಲ."

ಅವಳು ತಲೆ ತಗ್ಗಿಸಿ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಸಂಗ್ರಹಾಲಯದ ನಿವೃತ್ತ ಗುಮಾಸ್ತ ಮೈದುನನ ಕಿವಿಯಲ್ಲಿ ಹೇಳುತ್ತಿದ್ದುದು ಅವಳಿಗೂ ಕೇಳಿಸಿತು.

"ಸತ್ತೋರ ಬಗ್ಗೆ ಹೇಳಬಾರದು. ಆದ್ರೂ ಕೊನೆಕೊನೆಗೆ ಬಹಳ ದೊಡ್ಡಸ್ತಿಕೆ ಬಂದಿತ್ತು ನೋಡಿ. ರಸ್ತೇಲಿ ಎದುರೆದುರೇ ಸಿಕ್ಕಿದ್ರೂ ಗುರುತೇ ಇಲ್ಲದ ಹಾಗೆ ಹೋಗ್ತಿದ್ರು. ಒಟ್ಟಿಗೆ ಅಷ್ಟು ವರ್ಷ ಟೀ ಕುಡಿದಿದ್ದೀವಿ."

"ನಂಗೂ ಹಾಗೇ ಮಾಡಿದಾನೆ," ಎಂದ ಮೈದುನ. "ನನ್ನ ಮನೆ ಮದುವೇಲಿ, ನಾನು ಎದುರಿಗೆ ನಿಂತು ಹಲ್ಲು ಕಿರಿದ್ರೆ, ಕಂಬ ನೋಡಿದ ಹಾಗೆ ನೋಡಿ ಹೋದ. ಆರು ತಿಂಗಳು ಮಾತು ಬಿಟ್ಟಿದ್ದೆ. ಏನು ಮಾಡೋದು, ಒಡಹುಟ್ಟಿದೋನು."

ಆ ಮದುವೆಯಿಂದ ಮನೆಗೆ ಬಂದು, ತಮ್ಮ ಯಾಕೋ ಕಾಣಲೇ ಇಲ್ಲವಲ್ಲ ಎಂದು ಮೇಷ್ಟ್ರು ಕೇಳಿದ್ದರು. ಈಗ ಹಿಂದಕ್ಕೆ ತಿರುಗಿ ಒಂದು ಮಾತು ಹೇಳಿದರೆ ಈ ಇಬ್ಬರ ಮುನಿಸೂ ಇಲ್ಲೇ ಕರಗುತ್ತದೆ. ಆ ಒಂದು ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, ಹಾಗಾದರೆ ಹುಳ ನೋಡಿದ್ದು ಯಾರು? ಅವಳು ತಿರುಗಲಿಲ್ಲ.

ಮಗಳು ಮಾತಾಡಲು ಎದ್ದಳು. ಅವಳಿಗೂ ಅಪ್ಪನಿಗೂ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ಶಾಲೆಯ ಒಂದು ಕಾರ್ಯಕ್ರಮಕ್ಕೂ ಬಾರದ ಅಪ್ಪ, ದೊಡ್ಡವಳಾದ ಮೇಲೆ ಮುಖ ಕೊಟ್ಟು ಮಾತಾಡದ ಅಪ್ಪ.

"ಅಪ್ಪ ಅಮ್ಮನಿಗೆ ಒಂದು ಮೊಳ ಹೂವನ್ನೂ ತಂದುಕೊಟ್ಟವರಲ್ಲ," ಎಂದಳು. "ನಾನು ಎಷ್ಟೋ ಸಲ ಜಗಳ ಆಡಿದ್ದೀನಿ. ಆದ್ರೆ ಒಂದು ಕೆಲಸ ಮಾಡಿದ್ರು. ಎಲ್ಲೋ ಬೆಟ್ಟದ ಮೇಲಿನ ಹೊಳೇಲಿರೋ ಒಂದು ಜೀವಕ್ಕೆ ಅಮ್ಮನ ಹೆಸರಿಟ್ರು. ನಾವೆಲ್ಲ ಹೋದ ಮೇಲೂ ಆ ಹೆಸರು ಇರುತ್ತೆ. ಅದನ್ನ ನೋಡಿದಾಗ ಅನ್ಸುತ್ತೆ, ಅಪ್ಪನಿಗೆ ಪ್ರೀತಿ ಇತ್ತು, ತೋರಿಸೋಕೆ ಬರ್ತಿರಲಿಲ್ಲ ಅಷ್ಟೆ ಅಂತ. ಅದೊಂದಕ್ಕೆ ನಾನು ಅವರನ್ನ ಕ್ಷಮಿಸಿದ್ದೀನಿ."

ಹೇಳಿ ಬಂದು ಅಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಳು. ಅಮ್ಮ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಒಳಗಿನಿಂದ ನೌಕರ ಬಂದು ನಿಮ್ಮದು ತನ್ನಿ ಎಂದ.

*

ಆ ಸೀಸೆ ಬಂದಾಗ ಅದರಲ್ಲಿ ಮೂರು ಮರಿಗಳಿದ್ದವು. ಅವಳು ಮೊದಲನೆಯದನ್ನು ಬಟ್ಟಲಿಗೆ ಬಗ್ಗಿಸಿ ಎಂದಿನಂತೆ ಹೇಳುತ್ತ ಹೋದಳು. ಕಿವಿರಿಗೆ ಬಂದಾಗ, "ಎಲೆ ಹಾಗಿದೆ. ಅಂಚಲ್ಲಿ ಏನೋ ಎಳೆ ಎಳೆ," ಎಂದಳು.

ಮೇಷ್ಟ್ರು ನೆಟ್ಟಗೆ ಕೂತರು. "ಎಳೆ? ಕುಚ್ಚಿನ ಹಾಗಾ?"

"ಹಾಗೇ ಅನ್ಸುತ್ತೆ."

ಆ ಕುಲದ ಮರಿಗಳಿಗೆ ಕಿವಿರಿನಂಚಿನಲ್ಲಿ ಕುಚ್ಚಿರುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಇದ್ದರೆ ಅದು ಹೊಸ ಜಾತಿ. ಮೇಷ್ಟ್ರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ಕುಂಚದ ತುದಿಯಿಂದ ಅಂಚನ್ನು ಮೆಲ್ಲಗೆ ಸವರಿದಳು. ಎಳೆಗಳು ಕುಂಚಕ್ಕೇ ಅಂಟಿಕೊಂಡು ಬಂದವು, ಬೂದಿ ಬಣ್ಣದ ಲೋಳೆಯಾಗಿ. ಕೆಳಗಿನ ಅಂಚು ನುಣ್ಣಗೆ, ಬೋಳಾಗಿತ್ತು.

"ಕೊಳೆ ಕಣ್ರೀ ಇದು. ಬೂಷ್ಟು. ಒರೆಸಿದ್ರೆ ಬಂತು."

"ಕುಂಚ ಹಾಕಿದ್ಯಾ?" ಮೇಷ್ಟ್ರು ಎದ್ದೇ ನಿಂತರು. "ಯಾರು ಹೇಳಿದ್ರು ನಿಂಗೆ ಕುಂಚ ಹಾಕು ಅಂತ? ಕಿತ್ತು ಹಾಕಿದ್ಯಲ್ಲೇ!"

"ಕಿತ್ತಿಲ್ಲ. ಅದು ಅಂಟ್ಕೊಂಡಿತ್ತು ಅಷ್ಟೆ."

"ನಿಂಗೇನು ಗೊತ್ತು? ಇನ್ನೊಂದು ನೋಡು. ಮುಟ್ಟಬೇಡ, ಬರೀ ನೋಡು."

ಎರಡನೆಯದಕ್ಕೆ ಒಂದು ಬದಿಯಲ್ಲಿ ಇತ್ತು, ಇನ್ನೊಂದು ಬದಿಯಲ್ಲಿ ಇರಲಿಲ್ಲ. ಮೂರನೆಯದಕ್ಕೆ ಅಲ್ಲಲ್ಲಿ. ಅದನ್ನೂ ಹಾಗೆಯೇ ಹೇಳಿದಳು. ದಾರಿಯಲ್ಲಿ ಉದುರಿರುತ್ತದೆ ಎಂದರು ಮೇಷ್ಟ್ರು. ಅಂದು ಊಟ ಮಾಡಲಿಲ್ಲ. ಮರುದಿನ ಮತ್ತೆ ನೋಡಿಸಿದರು, ಅದರ ಮರುದಿನವೂ. ಪ್ರಶ್ನೆ ಅದೇ, ಉತ್ತರ ಅದೇ. ಅವಳು ಕೊಳೆ ಎಂದಾಗಲೆಲ್ಲ ಅವರ ಮುಖ ಇಷ್ಟಿಷ್ಟೇ ಮುದುಡುತ್ತ ಹೋಯಿತು. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ, "ನನ್ನ ಕಣ್ಣಿದ್ದಿದ್ರೆ," ಎನ್ನುತ್ತಿದ್ದರು. ಅಷ್ಟೇ ಹೇಳಿ ನಿಲ್ಲಿಸುತ್ತಿದ್ದರು.

ಒಂದು ಬೆಳಿಗ್ಗೆ ಅವಳಿಗೆ ಸಾಕಾಯಿತು. ಕಣ್ಣು ಉರಿಯುತ್ತಿತ್ತು, ಬೆನ್ನು ಹಿಡಿದುಕೊಂಡಿತ್ತು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು.

"ಹೌದು ರೀ," ಎಂದಳು. "ಕುಚ್ಚೇ."

ಮೇಷ್ಟ್ರು ತಡವರಿಸಿ ಅವಳ ಕೈ ಹುಡುಕಿಕೊಂಡು ಎರಡೂ ಕೈಯಲ್ಲಿ ಹಿಡಿದರು. "ನಂಗೊತ್ತಿತ್ತು. ನೀನು ನೋಡ್ತೀಯ ಅಂತ ನಂಗೊತ್ತಿತ್ತು."

ಅವರು ಹೇಳಿದಂತೆ ಅವಳು ಚಿತ್ರ ಬರೆದಳು. ಕಿವಿರಿನ ಸುತ್ತ ಎಳೆ ಎಳೆಯಾಗಿ, ಒಂದೇ ಸಮನಾಗಿ, ತಾನು ಕಾಣದ ಕುಚ್ಚನ್ನು ಚೂಪು ಪೆನ್ಸಿಲಿನಿಂದ ತಿದ್ದಿ ತೀಡಿ ಬರೆದಳು. ಕುಚ್ಚು ಬಲು ನಾಜೂಕು, ಬೇಗ ಉದುರುತ್ತದೆ ಎಂದು ಮೇಷ್ಟ್ರು ಲೇಖನದಲ್ಲಿ ಬರೆಸಿದರು. ಹೀಗೆ ಆ ಜಾತಿಗೆ ಭದ್ರವಾದ ಕೋಟೆ ಕಟ್ಟಿದಂತಾಯಿತು. ಮುಂದೆ ಯಾರಿಗೆ ಎಷ್ಟು ಬೋಳು ಮರಿ ಸಿಕ್ಕರೂ ಕುಚ್ಚು ಉದುರಿದೆ ಎಂದೇ ಅಂದುಕೊಳ್ಳಬೇಕು. ಕೊನೆಗೆ ಮೇಷ್ಟ್ರು ಹೆಸರು ಹೇಳಿದರು, ಅವಳದೇ ಹೆಸರು, ಬಾಲಕ್ಕೊಂದು ಲ್ಯಾಟಿನ್ ಅಕ್ಷರ ಅಂಟಿಸಿಕೊಂಡು. ಅವಳಿಗೆ ಸಂತೋಷವೇ ಆಯಿತು. ಅದನ್ನು ನೆನೆದಾಗೆಲ್ಲ ಅವಳಿಗೆ ತನ್ನ ಮೇಲೆಯೇ ಹೇಸಿಗೆ.

*

ಚಿತಾಗಾರದಿಂದ ಮರಳಿದ ಮೇಲೆ ಮುಂದಿನ ಕೋಣೆಯಲ್ಲಿ ಟೀ ಲೋಟಗಳ ಸದ್ದು, ಮೈದುನನ ದನಿ. ಹಿಂದಿನ ಕೋಣೆಯಲ್ಲಿ ಸಂಶೋಧಕಿ ಕೈ ತೊಳೆದು ಒರೆಸಿ ಸೂಕ್ಷ್ಮದರ್ಶಕದ ಮುಂದೆ ಕೂತಳು. ಅವಳ ಬೆರಳುಗಳು ಒಡೆದು ಒರಟಾಗಿದ್ದವು.

"ಕಾಲಿಗೇನಾಯ್ತು?" ಎಂದು ಮೇಷ್ಟ್ರ ಹೆಂಡತಿ ಕೇಳಿದಳು. ಏನಾದರೂ ಕೇಳಬೇಕಿತ್ತು.

"ಈ ಮರಿ ಸಿಕ್ಕ ಹೊಳೇಲೇ ಜಾರಿದೆ, ಹೋದ ವರ್ಷ. ಮಂಡಿ ಚಿಪ್ಪು ಒಡೀತು." ಸಂಶೋಧಕಿ ಕಣ್ಣು ಎತ್ತದೆ ಗುಂಡಿ ತಿರುಗಿಸುತ್ತಿದ್ದಳು. "ಎರಡು ಸಲ ಹೋಗಿದ್ದೀನಮ್ಮ, ಈ ಮರೀನೇ ಹುಡ್ಕೊಂಡು. ನಾನು ಹಿಡಿದಿದ್ದರಲ್ಲಿ ಒಂದಕ್ಕೂ ಕುಚ್ಚಿಲ್ಲ. ಕುಚ್ಚೊಂದು ಬಿಟ್ರೆ ಉಳಿದದ್ದೆಲ್ಲ ಒಂದು ಹಳೇ ಜಾತಿ ಹಾಗೇ ಇದೆ. ಅದಕ್ಕೇ ಮೂಲ ನೋಡೋಣ ಅಂತ ಬಂದೆ."

ಬಹಳ ಹೊತ್ತು ನೋಡಿದಳು. ಮೂರನ್ನೂ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು.

"ಇಷ್ಟು ವರ್ಷದಲ್ಲಿ ಮೂರರ ಅಂಚೂ ಸವೆದು ಹೋಗಿದೆ, ಎಳೆ ಒಂದೂ ಉಳಿದಿಲ್ಲ. ಇದ್ದು ಉದುರಿದೆಯೋ, ಇರಲೇ ಇಲ್ಲವೋ, ಈಗ ಯಾರಿಗೂ ಹೇಳೋಕಾಗಲ್ಲ. ಇರಲಿ, ಸರ್ ಅಂಥ ಕಣ್ಣಿರೋರು ನೋಡಿದ್ದಾರೆ, ಇದ್ದೇ ಇರುತ್ತೆ. ಹೆಸರು ಹಾಗೇ ಇರಲಿ." ಅವಳು ನಕ್ಕಳು, ಸುಸ್ತಾದ ನಗೆ. "ಬರೋ ಚಳಿಗಾಲಕ್ಕೆ ಇನ್ನೊಂದು ಸಲ ಹೋಗ್ತೀನಿ. ಇನ್ನೂ ಮೇಲೆ, ನೀರು ಜೋರಾಗಿರೋ ಕಡೆ ಹುಡುಕ್ಬೇಕು."

ಇಷ್ಟಕ್ಕೇ ಎಲ್ಲ ಮುಗಿಯಿತು. ಸುಮ್ಮನಿದ್ದರೆ ಸಾಕಿತ್ತು. ಮೇಷ್ಟ್ರ ಹದ್ದಿನ ಕಣ್ಣು ಉಳಿಯುತ್ತಿತ್ತು, ಮಗಳ ಕ್ಷಮೆ ಉಳಿಯುತ್ತಿತ್ತು, ತನ್ನ ಹೆಸರೂ ಉಳಿಯುತ್ತಿತ್ತು. ಮಗಳು ಟೀ ಹಿಡಿದುಕೊಂಡು ಒಳಗೆ ಬಂದಳು. "ಸಿಕ್ತಾ ಅಮ್ಮನ ಹುಳ?" ಎಂದಳು.

ಅಮ್ಮ ಸಂಶೋಧಕಿಯ ಮಂಡಿಯನ್ನು ನೋಡುತ್ತಿದ್ದಳು.

"ಹೋಗ್ಬೇಡಮ್ಮ," ಎಂದಳು. "ಅಲ್ಲಿ ಏನೂ ಇಲ್ಲ. ಅದು ಕುಚ್ಚಲ್ಲ, ಕೊಳೆ. ನಾನೇ ಕುಂಚದಲ್ಲಿ ಒರೆಸಿದ್ದು. ಒರೆಸಿದ ತಕ್ಷಣ ಬಂತು."

"ನೀನಾ?" ಎಂದಳು ಮಗಳು. "ನೀನ್ಯಾಕೆ ಒರೆಸಿದೆ?"

"ಅಪ್ಪನಿಗೆ ಕಣ್ಣು ಕಾಣ್ತಿರಲಿಲ್ಲ."

ಹೇಳಿದಳು. ಎದುರಿಗಿರುವವರ ಮುಖ ನೋಡಿದರೆ ಎಲ್ಲಿ ನಿಂತುಬಿಡುತ್ತೇನೋ ಎಂದು ಗೋಡೆಯ ಕಡೆ ನೋಡುತ್ತ ಎಲ್ಲವನ್ನೂ ಹೇಳಿದಳು. ಮಗಳು ಟೀ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದಳು.

"ಎಷ್ಟು ವರ್ಷ?"

"ನಿನ್ನ ಮದುವೆಗೂ ಮುಂಚಿಂದ."

"ಅದಕ್ಕೇನಾ ನನ್ನ ಮುಖ ನೋಡ್ತಿರಲಿಲ್ಲ?"

"ನೋಡ್ತಿದ್ರು. ಕಾಣ್ತಿರಲಿಲ್ಲ."

"ಒಂದು ಮಾತು ಹೇಳ್ಬಾರದಿತ್ತಾ ಅಮ್ಮ? ಇಷ್ಟು ವರ್ಷ ನಾನು ಎಷ್ಟು ಬೈಕೊಂಡೆ. ಈಗ ಸುಟ್ಟು ಬಂದ ಮೇಲೆ ಹೇಳ್ತಿದ್ದೀಯಲ್ಲ."

ಸಂಶೋಧಕಿ ಕುರ್ಚಿಯಲ್ಲೇ ಅಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಇದು ಹಳೇ ಜಾತೀಲಿ ಸೇರಿಹೋಗುತ್ತೆ. ನಿಮ್ಮ ಹೆಸರು ಹೋಗುತ್ತಮ್ಮ. ಮತ್ತೆ, ಸರ್ ಕಡೇ ವರ್ಷಗಳಲ್ಲಿ ಬರೆದಿದ್ದನ್ನೆಲ್ಲ ತಿರುಗಿ ನೋಡಬೇಕಾಗುತ್ತೆ."

"ನೋಡಿ. ಉಳಿದದ್ದು ಕಂಡ ಹಾಗೇ ಹೇಳಿದ್ದೀನಿ. ಆದ್ರೂ ನನ್ನ ಮಾತು ನಂಬಬೇಡಿ, ಸೀಸೆ ಎಲ್ಲ ತಗೊಂಡು ಹೋಗಿ ನೋಡಿ."

ನಿರ್ದೇಶಕರಿಗೆ ಹೇಳಬೇಕಲ್ಲ ಎನ್ನುತ್ತ ಸಂಶೋಧಕಿ ಎದ್ದು ಕಾಲೆಳೆಯುತ್ತ ಹೊರಗೆ ಹೋದಳು. ಮುಂದಿನ ಕೋಣೆಯಲ್ಲಿ ಮೈದುನನ ದನಿ ನಿಂತಿತು.

ಮಗಳು ಟೀ ಲೋಟ ಕೆಳಗಿಟ್ಟು, ಖಾಲಿಯಾದ ಕುರ್ಚಿಯಲ್ಲಿ ಕೂತಳು. ಈ ಮನೆಯಲ್ಲಿ ಬೆಳೆದೂ ಅವಳು ಒಮ್ಮೆಯೂ ಸೂಕ್ಷ್ಮದರ್ಶಕದಲ್ಲಿ ಇಣುಕಿದವಳಲ್ಲ.

"ಎಲ್ಲಿ ನೋಡೋದು? ಬರೀ ಬೆಳಕು ಕಾಣ್ತಿದೆ."

"ಕಣ್ಣು ಸ್ವಲ್ಪ ಹಿಂದಕ್ಕಿಡು. ಈಗ?"

"ಹೂಂ. ಬಾಲ ಕಾಣ್ತು."

"ಅಲ್ಲಿಂದ ಮೇಲೆ ಬಾ. ಹೊಟ್ಟೆ ಪಕ್ಕದಲ್ಲಿ ಎಲೆ ಎಲೆ ಥರ ಇದೆಯಲ್ಲ, ಅದೇ. ಅಂಚು ನೋಡು. ಏನಿದೆ?"

ಮಗಳು ಬಹಳ ಹೊತ್ತು ನೋಡಿದಳು.

"ಏನೂ ಇಲ್ಲಮ್ಮ."

"ಹೂಂ," ಎಂದಳು ಅವಳು.

ದೀಪದ ಶಾಖಕ್ಕೆ ಬಟ್ಟಲಿನ ಸ್ಪಿರಿಟ್ಟು ಆರುತ್ತ ಬಂದಿತ್ತು. ಮರಿ ಒಣಗಿದರೆ ಮುರಿಯುತ್ತದೆ. ಅವಳು ಪಿಚಕಾರಿಯಲ್ಲಿ ಸ್ಪಿರಿಟ್ಟು ಎಳೆದುಕೊಂಡು ಮಗಳ ಕೆನ್ನೆಯ ಪಕ್ಕದಿಂದ ಕೈ ತೂರಿಸಿ ಮರಿಯ ಮೇಲೆ ಒಂದು ಹನಿ ಬಿಟ್ಟಳು.

ಮಗಳು ಬೆಚ್ಚಿದಳು. "ಅಮ್ಮಾ, ಉಸಿರಾಡ್ತಿದೆ! ಆ ಎಲೆಗಳೆಲ್ಲ ಅಲ್ಲಾಡ್ತಿವೆ."

"ಇಲ್ಲ ಕಣೇ. ಅದು ನಾನು ಹಾಕಿದ ಹನಿ."

ಮಗಳು ಕಣ್ಣು ತೆಗೆಯಲಿಲ್ಲ. ಅವಳು ಪಿಚಕಾರಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಳು, ಕಿವಿರುಗಳು ಒಂದೊಂದಾಗಿ ನಿಂತು, ಕೊನೆಯದೂ ನಿಂತಿತೆಂದು ಮಗಳು ಹೇಳುವವರೆಗೆ.